ಟಿ ಕೋಶ ಎಚ್ಚೆತ್ತಿತು, ಗಡ್ಡೆ ಕರಗಲಿಲ್ಲ

ಸಾರ್ಕೋಮಾ ಅನ್ನುವ ಅಪರೂಪದ ಕ್ಯಾನ್ಸರ್‌ಗೆ ಲಸಿಕೆ ಬಂತು ಅಂತ ಸುದ್ದಿ ಬಂದಾಗಲೆಲ್ಲ ನಾನು ಮೊದಲು ಹುಡುಕುವುದು ಒಂದೇ: ಹೋಲಿಸಿ ನೋಡಲು ಲಸಿಕೆ ಪಡೆಯದ ಇನ್ನೊಂದು ಗುಂಪು ಇತ್ತಾ? ಇರಲಿಲ್ಲ ಅಂದರೆ ಉಳಿದದ್ದನ್ನು ನಿಧಾನವಾಗಿ, ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದುತ್ತೇನೆ. ನನ್ನ ಅಕ್ಕನ ಮಗನಿಗೆ ಸೈನೋವಿಯಲ್ ಸಾರ್ಕೋಮಾ ಇದೆ. ಮನೆಯವರು, ಸ್ನೇಹಿತರು, ಸ್ನೇಹಿತರ ಸ್ನೇಹಿತರು ಕಳಿಸುವ ಇಂಥ ಸುದ್ದಿಗಳೆಲ್ಲ ಕೊನೆಗೆ ನನ್ನ ಫೋನಿಗೇ ಬಂದು ಬೀಳುತ್ತವೆ. ನಾನು ಡಾಕ್ಟರಲ್ಲ. ಆದರೆ ಟ್ರಯಲ್, ಅಂದರೆ ಹೊಸ ಚಿಕಿತ್ಸೆಯನ್ನು ರೋಗಿಗಳಲ್ಲಿ ಪರೀಕ್ಷಿಸುವ ಅಧ್ಯಯನಗಳ ವರದಿಗಳನ್ನು ಓದಿ ಓದಿ ಎಲ್ಲಿ ಕಣ್ಣಿಡಬೇಕು ಅನ್ನುವುದು ಒಂದಿಷ್ಟು ಅಭ್ಯಾಸ ಆಗಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಚಿಕ್ಕದಾಗಿ ಹಿನ್ನೆಲೆ. ಸಾರ್ಕೋಮಾ ಅಂದರೆ ಮೂಳೆ, ಸ್ನಾಯು, ಕೊಬ್ಬು, ರಕ್ತನಾಳ, ಇಂಥ ಆಧಾರ ಅಂಗಾಂಶಗಳಲ್ಲಿ ಹುಟ್ಟುವ ಕ್ಯಾನ್ಸರ್. ದೊಡ್ಡವರ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಸುಮಾರು 1%. ಮಕ್ಕಳಲ್ಲಿ ಜಾಸ್ತಿ. ಈ 1% ಕೂಡ ಒಂದೇ ರೋಗ ಅಲ್ಲ, 70ಕ್ಕೂ ಹೆಚ್ಚು ಬಗೆಗಳಿವೆ. ಕಾರ್ಡೋಮಾ ಅನ್ನುವ ಬಗೆ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೆ ಬರುತ್ತದೆ. ಆಲ್ವಿಯೋಲಾರ್ ಸಾಫ್ಟ್ ಪಾರ್ಟ್ ಸಾರ್ಕೋಮಾ ಅಮೆರಿಕದಂಥ ದೊಡ್ಡ ದೇಶದಲ್ಲೂ ವರ್ಷಕ್ಕೆ 80 ಜನರಿಗೆ ಮಾತ್ರ. ಟ್ರಯಲ್‌ಗೆ ಜನ ಸೇರಿಸುವುದೇ ಎಷ್ಟು ಕಷ್ಟ ಅಂತ ಇದರಲ್ಲೇ ಗೊತ್ತಾಗುತ್ತದೆ. ಸ್ತನ ಕ್ಯಾನ್ಸರ್ ಟ್ರಯಲ್‌ಗಳಲ್ಲಿ ಸಾವಿರ ಸಾವಿರ ಜನ ಇರುತ್ತಾರೆ. ಇಲ್ಲಿ 40 ಜನ ಸಿಕ್ಕರೆ ದೊಡ್ಡ ಟ್ರಯಲ್.

ಲಸಿಕೆ ಅಂದರೆ ರೋಗ ಬರುವ ಮುಂಚೆ ಕೊಡುವುದು, ಬಂದ ಮೇಲೆ ಎಂಥ ಲಸಿಕೆ ಅಂತ ಅಕ್ಕ ಕೇಳಿದ್ದಳು. ನ್ಯಾಯವಾದ ಪ್ರಶ್ನೆಯೇ. ಇದು ತಡೆಯುವ ಲಸಿಕೆ ಅಲ್ಲ, ಚಿಕಿತ್ಸೆಯ ಲಸಿಕೆ. ಗಡ್ಡೆಯ ಕೋಶಗಳಲ್ಲಿರುವ, ಆರೋಗ್ಯವಂತ ಕೋಶಗಳಲ್ಲಿ ಇಲ್ಲದ ಒಂದು ಗುರುತನ್ನು ದೇಹದ ಟಿ ಕೋಶಗಳಿಗೆ (ಕೆಟ್ಟ ಕೋಶಗಳನ್ನು ಹುಡುಕಿ ಕೊಲ್ಲುವ ಬಿಳಿ ರಕ್ತಕಣಗಳಿಗೆ) ಪರಿಚಯ ಮಾಡಿಸಿ, ಇಂಥದ್ದು ಕಂಡಲ್ಲಿ ಹೊಡೆಯಿರಿ ಅಂತ ಹೇಳಿಕೊಡುವ ಪ್ರಯತ್ನ. ಕಾಗದದ ಮೇಲೆ ನೋಡಿದರೆ ಇದಕ್ಕೆ ಸಾರ್ಕೋಮಾದಷ್ಟು ಒಳ್ಳೆಯ ರೋಗ ಇನ್ನೊಂದಿಲ್ಲ. ಯಾಕೆಂದರೆ ಹಲವು ಸಾರ್ಕೋಮಾಗಳಲ್ಲಿ ಎರಡು ಕ್ರೋಮೋಸೋಮ್‌ಗಳು ಮುರಿದು, ತುಂಡುಗಳು ಅದಲುಬದಲಾಗಿ ಅಂಟಿಕೊಂಡು, ಎಲ್ಲೂ ಇರಬಾರದ, ಎರಡು ಬೆಸೆದು ಒಂದಾದ ಪ್ರೋಟೀನ್ ಹುಟ್ಟುತ್ತದೆ. ಸೈನೋವಿಯಲ್ ಸಾರ್ಕೋಮಾದಲ್ಲಿ ಅದು ಎಸ್‌ಎಸ್18-ಎಸ್‌ಎಸ್‌ಎಕ್ಸ್. ಮಕ್ಕಳು, ಯುವಕರ ಮೂಳೆಯಲ್ಲಿ ಹೆಚ್ಚಾಗಿ ಬರುವ ಯೂವಿಂಗ್ ಸಾರ್ಕೋಮಾದಲ್ಲಿ ಹೆಚ್ಚಿನವರಿಗೆ ಇಡಬ್ಲ್ಯೂಎಸ್‌ಆರ್1-ಎಫ್‌ಎಲ್‌ಐ1. ಎರಡು ಪ್ರೋಟೀನ್ ಸೇರುವ ಆ ಬೆಸುಗೆಯ ಜಾಗ ಗಡ್ಡೆಯಲ್ಲಿ ಬಿಟ್ಟರೆ ದೇಹದಲ್ಲಿ ಇನ್ನೆಲ್ಲೂ ಇರುವುದಿಲ್ಲ. ಗಡ್ಡೆಗೆ ಬದುಕಲು ಅದು ಬೇಕೇ ಬೇಕು, ಹಾಗಾಗಿ ಸುಲಭವಾಗಿ ಬಿಟ್ಟುಕೊಡುವಂತೆಯೂ ಇಲ್ಲ.

ಇನ್ನೊಂದು ಗುರುತು ಎನ್‌ವೈ-ಇಎಸ್‌ಒ-1. ಇದನ್ನು 1997ರಲ್ಲಿ ನ್ಯೂಯಾರ್ಕ್‌ನಲ್ಲಿ ಒಬ್ಬ ಅನ್ನನಾಳದ ಕ್ಯಾನ್ಸರ್ ರೋಗಿಯ ಗಡ್ಡೆಯಿಂದ ಪತ್ತೆ ಮಾಡಿದರು. ಮಾಮೂಲಿಯಾಗಿ ವೃಷಣದಲ್ಲಿ ಬಿಟ್ಟರೆ ದೊಡ್ಡವರ ದೇಹದಲ್ಲಿ ಇದು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಆದರೆ ಸೈನೋವಿಯಲ್ ಸಾರ್ಕೋಮಾ ಮತ್ತು ಮಿಕ್ಸಾಯ್ಡ್ ಲೈಪೋಸಾರ್ಕೋಮಾ (ಕೊಬ್ಬಿನ ಅಂಗಾಂಶದ ಒಂದು ಸಾರ್ಕೋಮಾ) ಗಡ್ಡೆಗಳಲ್ಲಿ ಬಹುಪಾಲಿನವು ಇದನ್ನು ತುಂಬಿಕೊಂಡಿರುತ್ತವೆ. ಇಷ್ಟು ಒಳ್ಳೆಯ ಗುರಿ ಇದ್ದೂ ಲಸಿಕೆ ಯಾಕೆ ಗೆಲ್ಲಲಿಲ್ಲ ಅನ್ನುವುದೇ ನನ್ನನ್ನು ಓದಿಗೆ ಹಚ್ಚಿದ್ದು.

ಇಮ್ಯೂನ್ ಚಿಕಿತ್ಸೆಯ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಬಳಸುವ ಚಿಕಿತ್ಸೆಯ ಕತೆ ಶುರುವಾಗಿದ್ದೇ ಸಾರ್ಕೋಮಾದಿಂದ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. 1890ರಲ್ಲಿ ನ್ಯೂಯಾರ್ಕ್‌ನ ಯುವ ಸರ್ಜನ್ ವಿಲಿಯಂ ಕೋಲಿ ಬಳಿ ಬೆಸ್ಸಿ ಡಾಶಿಯೆಲ್ ಅನ್ನುವ 17 ವರ್ಷದ ಹುಡುಗಿ ಕೈನೋವು ಅಂತ ಬಂದಳು. ಅದು ಸಾರ್ಕೋಮಾ. ಕೈ ಕತ್ತರಿಸಿದರೂ ಉಳಿಯಲಿಲ್ಲ, 1891ರ ಜನವರಿಯಲ್ಲಿ ತೀರಿಕೊಂಡಳು. ಕೋಲಿ ಆಸ್ಪತ್ರೆಯ ಹಳೆಯ ದಾಖಲೆಗಳನ್ನು ಜಾಲಾಡಿದ. ಸ್ಟೈನ್ ಅನ್ನುವ ಒಬ್ಬ ರೋಗಿಯ ಕತೆ ಸಿಕ್ಕಿತು. ಕತ್ತಿನ ಸಾರ್ಕೋಮಾ, ಪದೇ ಪದೇ ಆಪರೇಷನ್, ಡಾಕ್ಟರುಗಳು ಕೈಬಿಟ್ಟಿದ್ದರು. ಆಮೇಲೆ ಅವನಿಗೆ ಎರಿಸಿಪೆಲಸ್ ಅನ್ನುವ ಚರ್ಮದ ಸೋಂಕು ತಗುಲಿ ಜೋರು ಜ್ವರ ಬಂದು, ಜ್ವರದ ಜೊತೆ ಗಡ್ಡೆಯೂ ಹೋಗಿತ್ತು. ಕೋಲಿ ಮನೆ ಮನೆ ಅಲೆದು ಆ ಮನುಷ್ಯನನ್ನು ಹುಡುಕಿದ. ವರ್ಷಗಳು ಕಳೆದಿದ್ದರೂ ಅವನು ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದ.

ಅಲ್ಲಿಂದ ಕೋಲಿ ರೋಗಿಗಳಿಗೆ ಬೇಕಂತಲೇ ಆ ಬ್ಯಾಕ್ಟೀರಿಯಾ ಚುಚ್ಚತೊಡಗಿದ. ಮೊದಲನೆಯವನು ಝೋಲಾ ಅನ್ನುವ ಇಟಲಿಯವನು. ಬದುಕುವ ಭರವಸೆಯೇ ಇರಲಿಲ್ಲ, ಚಿಕಿತ್ಸೆಯ ನಂತರ ಎಂಟು ವರ್ಷ ಬದುಕಿದ. ಆದರೆ ಬೇರೆ ಕೆಲವರು ಆ ಸೋಂಕಿನಿಂದಲೇ ಸತ್ತರು. ಆಮೇಲೆ ಕೋಲಿ ಸತ್ತ ಬ್ಯಾಕ್ಟೀರಿಯಾಗಳ ಮಿಶ್ರಣಕ್ಕೆ ಬದಲಾದ. ಅದಕ್ಕೇ ಕೋಲಿ ಟಾಕ್ಸಿನ್ ಅಂತ ಹೆಸರು. ಗೆದ್ದ ರೋಗಿಗಳು ನಿಜವಾಗಿಯೂ ಇದ್ದರು. ಆದರೆ ಒಂದೊಂದು ತಯಾರಿಕೆ ಒಂದೊಂದು ಥರ, ಡೋಸ್ ಬೇರೆ, ಚುಚ್ಚುವ ಜಾಗ ಬೇರೆ, ಎಷ್ಟೋ ರೋಗಿಗಳ ಲೆಕ್ಕವೇ ಸರಿಯಾಗಿಲ್ಲ, ಹೋಲಿಕೆಯ ಗುಂಪಂತೂ ಇಲ್ಲವೇ ಇಲ್ಲ. ಅದೇ ಆಸ್ಪತ್ರೆಯಲ್ಲಿದ್ದ ಜೇಮ್ಸ್ ಯೂವಿಂಗ್, ಹೌದು, ಯೂವಿಂಗ್ ಸಾರ್ಕೋಮಾ ಅನ್ನುವ ಹೆಸರಿಗೆ ಕಾರಣನಾದವನೇ, ಇದನ್ನು ನಂಬಲಿಲ್ಲ, ಅವನ ಒಲವು ರೇಡಿಯೇಷನ್ ಕಡೆಗೆ. ಕೋಲಿಯ ಕೆಲಸ ಮೂಲೆ ಸೇರಿತು. ಮಗಳು ಹೆಲೆನ್ ಕೋಲಿ ನಾಟ್ಸ್ ಅಪ್ಪನ ಕಾಗದಪತ್ರಗಳನ್ನೆಲ್ಲ ಕೂತು ಓದಿ, 1953ರಲ್ಲಿ ಕ್ಯಾನ್ಸರ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಕಟ್ಟಿದವರಲ್ಲಿ ಒಬ್ಬಳಾದಳು. ಕೋಲಿಯನ್ನು ಕೆಲವರು ಮೋಸಗಾರ ಅಂದರು, ಈಗ ಕೆಲವರು ಪಿತಾಮಹ ಅನ್ನುತ್ತಾರೆ. ನನಗೆ ಕಾಣುವುದು ಇಷ್ಟು: ಅವನು ಕಂಡದ್ದು ನಿಜ, ಆದರೆ ಯಾರಿಗೆ, ಯಾವಾಗ, ಎಷ್ಟು ಜನರಲ್ಲಿ ಅಂತ ಹೇಳುವ ದಾರಿಯೇ ಅವನ ಹತ್ತಿರ ಇರಲಿಲ್ಲ. ನೂರು ವರ್ಷ ಕಳೆದರೂ ಸಾರ್ಕೋಮಾ ಲಸಿಕೆಗಳ ಪಾಡು ಬಹಳ ಬದಲಾಗಿಲ್ಲ.

ಈಗಿನ ಕಾಲಕ್ಕೆ ಬರೋಣ. ಜಪಾನಿನ ಸಪ್ಪೊರೊ ವೈದ್ಯಕೀಯ ವಿಶ್ವವಿದ್ಯಾಲಯದವರು ಆ ಬೆಸುಗೆಯ ಜಾಗದ ಚಿಕ್ಕ ತುಣುಕನ್ನೇ, ಅಂದರೆ ಒಂಬತ್ತು ಅಮೈನೋ ಆಮ್ಲಗಳ ಪೆಪ್ಟೈಡನ್ನು, ಲಸಿಕೆ ಮಾಡಿದರು. 2005ರಲ್ಲಿ 6 ರೋಗಿಗಳ ವರದಿ, 2012ರಲ್ಲಿ 21 ರೋಗಿಗಳ ವರದಿ. ಎರಡನೆಯದರಲ್ಲಿ ಲಸಿಕೆಯ ಜೊತೆ ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಪ್ರಚೋದಕ ಎಣ್ಣೆ ಮತ್ತು ಇಂಟರ್‌ಫೆರಾನ್ ಸೇರಿಸಿ ಕೊಟ್ಟ 12 ಜನರಲ್ಲಿ 6 ಜನರ ರೋಗ ಲಸಿಕೆಯ ಅವಧಿಯಲ್ಲಿ ಬೆಳೆಯದೆ ನಿಂತಿತ್ತು. ಓದಿದ ಕೂಡಲೇ ಅರ್ಧಕ್ಕರ್ಧ ಜನಕ್ಕೆ ಕೆಲಸ ಮಾಡಿದೆಯಲ್ಲ ಅನಿಸುತ್ತದೆ.

ತಡೆಯಿರಿ. ಟ್ರಯಲ್ ಭಾಷೆಯಲ್ಲಿ ನಿಂತಿದೆ ಅಂದರೆ ಏನು? ಸ್ಕ್ಯಾನ್‌ನಲ್ಲಿ ಗಡ್ಡೆಗಳ ಅಳತೆ ಕೂಡಿಸುತ್ತಾರೆ. 30% ಕುಗ್ಗಿದರೆ ಸ್ಪಂದಿಸಿದೆ ಅಂತ ಲೆಕ್ಕ. 20% ಬೆಳೆದರೆ ಮುಂದುವರಿದಿದೆ ಅಂತ. ಇವೆರಡರ ನಡುವೆ ಇರುವುದೆಲ್ಲ ನಿಂತಿದೆ. 15% ಬೆಳೆದರೂ ನಿಂತಿದೆ. ಕೆಲವು ಸಾರ್ಕೋಮಾಗಳು ಏನೂ ಕೊಡದಿದ್ದರೂ ತಿಂಗಳುಗಟ್ಟಲೆ ಹಾಗೇ ಕೂತಿರುತ್ತವೆ, ಆಮೇಲೆ ಇದ್ದಕ್ಕಿದ್ದಂತೆ ಏಳುತ್ತವೆ. ಲಸಿಕೆ ನಿಲ್ಲಿಸಿತಾ, ತಾನೇ ನಿಂತಿತ್ತಾ? ಪಕ್ಕದಲ್ಲಿ ಲಸಿಕೆ ಪಡೆಯದವರಿಲ್ಲದೆ ಹೇಳುವುದು ಹೇಗೆ? ಸಪ್ಪೊರೊದವರನ್ನು ಹೀಗಳೆಯುತ್ತಿಲ್ಲ. ಮೊದಲ ಹಂತದ ಕೆಲಸ ಸುರಕ್ಷತೆ ನೋಡುವುದು, ಅದನ್ನು ಅವರು ಮಾಡಿದರು. ಅದನ್ನು ಗೆಲುವು ಅಂತ ಸಾರುವವರ ಬಗ್ಗೆ ನನ್ನ ತಕರಾರು.

ಇನ್ನೊಂದು ತೊಡಕು ಎಚ್‌ಎಲ್‌ಎ. ಕೋಶದೊಳಗಿನ ಪ್ರೋಟೀನ್ ತುಣುಕುಗಳನ್ನು ಹೊರಗೆ ಹಿಡಿದು ಟಿ ಕೋಶಕ್ಕೆ ತೋರಿಸುವ ಅಣುಗಳಿವು. ಒಬ್ಬೊಬ್ಬರಿಗೆ ಒಂದೊಂದು ಬಗೆ. ಸಪ್ಪೊರೊ ಪೆಪ್ಟೈಡ್ ಎ24 ಬಗೆ ಇದ್ದವರಿಗೆ ಮಾತ್ರ ಹೊಂದುತ್ತಿತ್ತು. ಜಪಾನಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಎ24 ಇದೆ, ಹಾಗಾಗಿ ಅಲ್ಲಿ ನಡೆಯಿತು. ಯುರೋಪು, ಅಮೆರಿಕದ ಟ್ರಯಲ್‌ಗಳು ಸಾಮಾನ್ಯವಾಗಿ ಎ2 ಬಗೆಯ ಸುತ್ತ ಕಟ್ಟಿರುತ್ತವೆ. ಅಪರೂಪದ ರೋಗ, ಅದರಲ್ಲಿ ಗುರುತು ಇರುವ ಗಡ್ಡೆ, ಅದರಲ್ಲೂ ಸರಿಯಾದ ಎಚ್‌ಎಲ್‌ಎ. ಹೀಗೆ ಸೋಸುತ್ತಾ ಹೋದರೆ ಕೊನೆಗೆ ಟ್ರಯಲ್ ಬಾಗಿಲಲ್ಲಿ ಉಳಿಯುವವರು ಬೆರಳೆಣಿಕೆ.

ನಾನು ಅತಿ ಹೆಚ್ಚು ಸಲ ಓದಿದ ವರದಿ ಸಿಎಂಬಿ305 ಅನ್ನುವ ಲಸಿಕೆಯದು. ಇಮ್ಯೂನ್ ಡಿಸೈನ್ ಅನ್ನುವ ಕಂಪನಿ ಮಾಡಿದ್ದು. ಯೋಚನೆ ಬಹಳ ಚೆನ್ನಾಗಿತ್ತು. ಇದಕ್ಕೆ ಎರಡು ಭಾಗ. ಮೊದಲನೆಯದು ಪಳಗಿಸಿದ ಒಂದು ವೈರಸ್, ಅದು ಡೆಂಡ್ರಿಟಿಕ್ ಕೋಶಗಳೊಳಗೆ, ಅಂದರೆ ಟಿ ಕೋಶಗಳಿಗೆ ಪಾಠ ಹೇಳುವ ಕೋಶಗಳೊಳಗೆ, ಎನ್‌ವೈ-ಇಎಸ್‌ಒ-1 ಜೀನನ್ನು ಒಯ್ದು ಹಾಕುತ್ತದೆ. ಎರಡನೆಯದು ಅದೇ ಪ್ರೋಟೀನ್ ಮತ್ತು ಒಂದು ಪ್ರಚೋದಕ, ಮೊದಲು ಎದ್ದ ಟಿ ಕೋಶಗಳನ್ನು ಇನ್ನಷ್ಟು ಹೆಚ್ಚಿಸಲು. ವೈರಸ್ ಭಾಗವನ್ನು ಮಾತ್ರ ಮೊದಲು 39 ರೋಗಿಗಳಿಗೆ ಕೊಟ್ಟು ನೋಡಿದರು. ಅವರಲ್ಲಿ ಒಬ್ಬ ಸೈನೋವಿಯಲ್ ಸಾರ್ಕೋಮಾ ರೋಗಿಯ ಗಡ್ಡೆ ಕುಗ್ಗಿ ಮೂರು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಉಳಿಯಿತು. 39ರಲ್ಲಿ ಒಬ್ಬರು. ಆ ಒಬ್ಬರ ಕತೆಯೇ ಎಲ್ಲ ಕಡೆ ಹರಿದಾಡಿತು, ಉಳಿದ 38 ಜನರ ಕತೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ ಅಲ್ವಾ.

ಆಮೇಲೆ ಅವರು ಮಾಡಿದ್ದು ನಿಜಕ್ಕೂ ಮೆಚ್ಚಬೇಕಾದ ಕೆಲಸ. 89 ರೋಗಿಗಳನ್ನು, ಸೈನೋವಿಯಲ್ ಮತ್ತು ಮಿಕ್ಸಾಯ್ಡ್ ಲೈಪೋಸಾರ್ಕೋಮಾ ಇದ್ದವರನ್ನು ಮಾತ್ರ, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಅಟೆಝೋಲಿಝುಮಾಬ್ ಅನ್ನುವ ಇಮ್ಯೂನ್ ಔಷಧಿ ಮಾತ್ರ. ಇನ್ನೊಂದಕ್ಕೆ ಅದರ ಜೊತೆ ಲಸಿಕೆ. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಲಸಿಕೆ ಸೇರಿಸಿದವರಲ್ಲಿ ಅರ್ಧ ಜನರ ರೋಗ 2.6 ತಿಂಗಳೊಳಗೆ ಮುಂದುವರಿಯಿತು, ಸೇರಿಸದವರಲ್ಲಿ 1.6 ತಿಂಗಳೊಳಗೆ. ಬದುಕಿದ ಅವಧಿ ಎರಡೂ ಗುಂಪಿನಲ್ಲಿ ಸುಮಾರು 18 ತಿಂಗಳು. ಅಂದರೆ ವ್ಯತ್ಯಾಸ ಇಲ್ಲ. ಟಿ ಕೋಶಗಳು ಎಚ್ಚೆತ್ತಿದ್ದವಾ? ಹೌದು, ಲಸಿಕೆ ಪಡೆದವರಲ್ಲಿ ಹೆಚ್ಚು ಜನರಿಗೆ ಎಚ್ಚೆತ್ತಿದ್ದವು, ರಕ್ತ ಪರೀಕ್ಷೆಯಲ್ಲಿ ಕಂಡಿತು. ಗಡ್ಡೆಗೆ ಅದರಿಂದ ಏನೂ ಆಗಲಿಲ್ಲ. ಈ ಫಲಿತಾಂಶ ಅಚ್ಚಾಗುವ ಮುಂಚೆಯೇ, 2018ರಲ್ಲಿ, ಕಂಪನಿ ಅದೇ ಲಸಿಕೆಯ ಮೂರನೇ ಹಂತದ ಟ್ರಯಲ್ಲನ್ನು ನಿಲ್ಲಿಸಿತ್ತು. 2019ರಲ್ಲಿ ಆ ಕಂಪನಿಯನ್ನೇ ಮರ್ಕ್ ಅನ್ನುವ ದೊಡ್ಡ ಔಷಧಿ ಕಂಪನಿ ಕೊಂಡುಕೊಂಡಿತು.

ಇದೇ ವರದಿಯಲ್ಲಿ ಇನ್ನೊಂದು ಸಾಲು ಇದೆ: ಯಾರಲ್ಲಿ ಟಿ ಕೋಶಗಳು ಚೆನ್ನಾಗಿ ಎದ್ದವೋ ಅವರು ಹೆಚ್ಚು ಕಾಲ ಬದುಕಿದರು. ಸುದ್ದಿ ಬರೆಯುವವರು ಹಿಡಿದುಕೊಳ್ಳುವುದು ಇದನ್ನೇ. ಲಸಿಕೆಗೆ ಸ್ಪಂದಿಸಿದವರು ಬದುಕಿದರು ಅಂದರೆ ಲಸಿಕೆ ಬದುಕಿಸಿತು ಅಂತ ಕೇಳಿಸುತ್ತದೆ. ಆದರೆ ಗಟ್ಟಿಯಾಗಿದ್ದ, ಕೀಮೋದಿಂದ ಬಸವಳಿಯದ, ರೋಗ ನಿಧಾನವಾಗಿದ್ದ ರೋಗಿಯ ದೇಹಕ್ಕೇ ಟಿ ಕೋಶ ಏಳಿಸುವ ಶಕ್ತಿ ಜಾಸ್ತಿ ಇರಬಹುದು. ಅವರು ಹೇಗೂ ಹೆಚ್ಚು ಕಾಲ ಬದುಕುತ್ತಿದ್ದರು. ಬೆಟ್ಟದ ತುದಿ ಮುಟ್ಟಿದವರಿಗೆ ಮಾತ್ರ ನೀರು ಕೊಟ್ಟು, ನೀರು ಕುಡಿದವರ ಕಾಲು ಗಟ್ಟಿ ಅಂದ ಹಾಗೆ.

ಇದಕ್ಕೆ ಇನ್ನೂ ಒಳ್ಳೆಯ ಉದಾಹರಣೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯದು. ಕ್ರಿಸ್ಟಲ್ ಮ್ಯಾಕಲ್ ತಂಡ 2008ರಲ್ಲಿ ಪ್ರಕಟಿಸಿದ್ದು. ಯೂವಿಂಗ್ ಸಾರ್ಕೋಮಾ ಮತ್ತು ರ‍್ಯಾಬ್ಡೋಮಯೋಸಾರ್ಕೋಮಾ (ಸ್ನಾಯುವಿನ ಸಾರ್ಕೋಮಾ) ಇದ್ದ, ಹರಡಿದ ಅಥವಾ ಮರುಕಳಿಸಿದ ರೋಗದ ಮಕ್ಕಳು ಮತ್ತು ಯುವಕರು. ಕೀಮೋ ಶುರುವಾಗುವ ಮುಂಚೆ ಅವರ ರಕ್ತದಿಂದ ಬಿಳಿ ಕೋಶಗಳನ್ನು ತೆಗೆದಿಟ್ಟು, ಕೀಮೋ ಮುಗಿದ ಮೇಲೆ ಡೆಂಡ್ರಿಟಿಕ್ ಕೋಶದ ಲಸಿಕೆಯ ಜೊತೆ ವಾಪಸ್ ಕೊಡುವುದು. ಕೋಶ ತೆಗೆದದ್ದು 52 ಜನರಿಂದ, ಲಸಿಕೆಯವರೆಗೆ ಬಂದವರು 30. ಲಸಿಕೆ ಪಡೆದವರಲ್ಲಿ 43% ಜನ ಐದು ವರ್ಷ ಬದುಕಿದರು. 52 ಜನರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ 31%. ಮಧ್ಯದಲ್ಲಿ ರೋಗ ಉಲ್ಬಣಿಸಿದವರು ಲಸಿಕೆಯ ದಿನದವರೆಗೆ ಬರಲೇ ಇಲ್ಲ. ಆ ತಂಡ ಎರಡೂ ಅಂಕಿಗಳನ್ನು ಪಕ್ಕಪಕ್ಕ ಇಟ್ಟಿದೆ, ಅದಕ್ಕೇ ನನಗೆ ಆ ವರದಿಯ ಮೇಲೆ ಗೌರವ. ಬೇರೆ ಯಾರಾದರೂ ಆಗಿದ್ದರೆ 43 ಅನ್ನುವುದನ್ನು ಮಾತ್ರ ದಪ್ಪ ಅಕ್ಷರದಲ್ಲಿ ಹಾಕುತ್ತಿದ್ದರು. ಲಸಿಕೆ ತಯಾರಿಸಲು ವಾರಗಟ್ಟಲೆ ಹಿಡಿಯುವ ಯಾವುದೇ ಟ್ರಯಲ್‌ನಲ್ಲಿ ನಾನು ಈಗ ಇದನ್ನೇ ಹುಡುಕುತ್ತೇನೆ. ಸೇರಿದವರೆಷ್ಟು, ಚುಚ್ಚಿಸಿಕೊಂಡವರೆಷ್ಟು, ಶೇಕಡಾವಾರು ಯಾವುದರ ಮೇಲೆ?

ಕಟ್ಟುನಿಟ್ಟಾಗಿ ಹೋಲಿಸಿದ ಟ್ರಯಲ್‌ಗಳು ಇನ್ನೂ ಕೆಲವು ಇವೆ. ಹರಡಿದ ಸಾರ್ಕೋಮಾವನ್ನು ಆಪರೇಷನ್ ಮಾಡಿ ಪೂರ್ತಿ ತೆಗೆದ 136 ಜನರಲ್ಲಿ, ಗಡ್ಡೆಯ ಮೇಲಿನ ಮೂರು ಗ್ಯಾಂಗ್ಲಿಯೋಸೈಡ್‌ಗಳ (ಕೋಶದ ಹೊರಪದರದ ಕೊಬ್ಬು-ಸಕ್ಕರೆ ಅಣುಗಳ) ವಿರುದ್ಧದ ಲಸಿಕೆ ನೋಡಿದರು. ಹೋಲಿಕೆಯ ಗುಂಪಿಗೆ ಪ್ರಚೋದಕ ಮಾತ್ರ. ಎರಡೂ ಗುಂಪಿಗೆ ಚುಚ್ಚುಮದ್ದು, ಎರಡಕ್ಕೂ ತೋಳು ಊತ. ಲಸಿಕೆ ಪಡೆದವರಲ್ಲಿ ಆಂಟಿಬಾಡಿ ಬಂತು, ಆದರೂ ರೋಗ ಮರುಕಳಿಸುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಾರ್ಡೋಮಾದಲ್ಲಿ ಬ್ರಾಕಿಯುರಿ ಅನ್ನುವ ಪ್ರೋಟೀನ್ ಹೊತ್ತ ಯೀಸ್ಟ್ ಲಸಿಕೆಯನ್ನು ರೇಡಿಯೇಷನ್ ಜೊತೆ 24 ಜನರಲ್ಲಿ ಪರೀಕ್ಷಿಸಿದರು. ಅಲ್ಲೂ ವ್ಯತ್ಯಾಸ ಇಲ್ಲ, ಬೇಗ ನಿಲ್ಲಿಸಿದರು. ಹತ್ತು ಲಕ್ಷಕ್ಕೆ ಒಬ್ಬರಿಗೆ ಬರುವ ರೋಗದಲ್ಲೂ ಜನರನ್ನು ಎರಡು ಗುಂಪು ಮಾಡಿ ನೋಡಬಹುದು ಅಂತ ಇವರು ತೋರಿಸಿದ್ದಾರೆ. ಹಾಗಾಗಿ ಅಪರೂಪದ ರೋಗ, ಹೋಲಿಕೆ ಅಸಾಧ್ಯ ಅಂತ ಯಾರಾದರೂ ಅಂದರೆ ನನಗೆ ಪೂರ್ತಿ ಒಪ್ಪಿಗೆ ಆಗುವುದಿಲ್ಲ.

ಹಾಗಾದರೆ ಗುರಿಯೇ ತಪ್ಪಿತ್ತಾ? ನನಗೆ ಅತ್ಯಂತ ಆಸಕ್ತಿ ಹುಟ್ಟಿಸಿದ ಭಾಗ ಇದು. ಎನ್‌ವೈ-ಇಎಸ್‌ಒ-1 ಗುರಿಯನ್ನೇ ಇಟ್ಟುಕೊಂಡು ಅದೇ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸ್ಟೀವನ್ ರೋಸೆನ್‌ಬರ್ಗ್ ತಂಡ ಬೇರೆ ದಾರಿ ಹಿಡಿಯಿತು. ಲಸಿಕೆ ಹಾಕಿ ದೇಹವನ್ನು ಕಾಯುವ ಬದಲು, ರೋಗಿಯ ಟಿ ಕೋಶಗಳನ್ನು ಹೊರತೆಗೆದು, ಆ ಗುರುತನ್ನು ಹಿಡಿಯುವ ಗ್ರಾಹಕವನ್ನು ಜೀನ್ ಮೂಲಕ ಸೇರಿಸಿ, ಕೋಟಿಗಟ್ಟಲೆ ಬೆಳೆಸಿ ವಾಪಸ್ ಕೊಟ್ಟರು. 2011ರ ವರದಿಯಲ್ಲಿ 6 ಸೈನೋವಿಯಲ್ ಸಾರ್ಕೋಮಾ ರೋಗಿಗಳಲ್ಲಿ 4 ಜನರ ಗಡ್ಡೆ ಕುಗ್ಗಿತು. ಅದೇ ದಾರಿಯಲ್ಲಿ ಮುಂದೆ ಹೋಗಿ, ಎಂಎಜಿಇ-ಎ4 ಅನ್ನುವ ಇನ್ನೊಂದು ಗುರುತಿನ ಮೇಲೆ ಮಾಡಿದ ಟೆಸೆಲ್ರಾ ಅನ್ನುವ ಕೋಶ ಚಿಕಿತ್ಸೆಗೆ 2024ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. 44 ರೋಗಿಗಳಲ್ಲಿ 19 ಜನರ ಗಡ್ಡೆ ಕುಗ್ಗಿತ್ತು. ಇದೇ ರೋಸೆನ್‌ಬರ್ಗ್ 2004ರಲ್ಲಿ ತಮ್ಮಲ್ಲಿ ಕ್ಯಾನ್ಸರ್‌ಗೆ ಲಸಿಕೆ ಪಡೆದ 440 ರೋಗಿಗಳ ಲೆಕ್ಕ ತೆಗೆದಿದ್ದರು. ಗಡ್ಡೆ ಕುಗ್ಗಿದ್ದು 2.6% ಜನರಲ್ಲಿ.

ಅಂದರೆ ಗುರಿ ಸರಿಯಾಗೇ ಇತ್ತು. ಲಸಿಕೆ ಎಬ್ಬಿಸುವ ಟಿ ಕೋಶಗಳು ಸಾಲುತ್ತಿಲ್ಲ, ಅಥವಾ ಬಲ ಕಡಿಮೆ, ಅಥವಾ ಗಡ್ಡೆಯೊಳಗೆ ಹೋಗುತ್ತಲೇ ಇಲ್ಲ. ಮೂರೂ ಸ್ವಲ್ಪ ಸ್ವಲ್ಪ ನಿಜ ಅಂತ ಕಾಣುತ್ತದೆ. ಸೈನೋವಿಯಲ್ ಸಾರ್ಕೋಮಾದಂಥ ಗಡ್ಡೆಗಳಲ್ಲಿ ಟಿ ಕೋಶಗಳು ಬಹಳ ವಿರಳ. ಜೊತೆಗೆ ಗಡ್ಡೆಯ ಕೋಶಗಳು ಎಚ್‌ಎಲ್‌ಎ ಅಣುಗಳನ್ನೇ ಕಡಿಮೆ ಮಾಡಿಕೊಂಡಿರುತ್ತವೆ. ಗುರುತು ಒಳಗಿದೆ, ಹೊರಗೆ ತೋರಿಸುವವರಿಲ್ಲ. ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್‌ನಂತೆ ಸಾವಿರಾರು ಮ್ಯುಟೇಷನ್‌ಗಳೂ (ಜೀನ್ ಬದಲಾವಣೆಗಳೂ) ಇಲ್ಲಿಲ್ಲ. ಒಂದು ದೊಡ್ಡ ಬೆಸುಗೆ, ಅದು ಬಿಟ್ಟರೆ ಹೆಚ್ಚುಕಡಿಮೆ ಶಾಂತ ಜೀನೋಮ್. ಕೋಶ ಚಿಕಿತ್ಸೆಯೂ ಸುಲಭದ್ದಲ್ಲ. ಅದಕ್ಕೂ ಮುಂಚೆ ಕೀಮೋ ಕೊಟ್ಟು ರಕ್ತದ ಕೋಶಗಳನ್ನು ಇಳಿಸಬೇಕು, ಆಮೇಲೆ ಜೋರು ಜ್ವರ, ರಕ್ತದೊತ್ತಡ ಕುಸಿಯುವ ಅಪಾಯ, ಆಸ್ಪತ್ರೆ ವಾಸ. ಜೊತೆಗೆ ಎ2 ಬಗೆ ಇರಲೇಬೇಕು, ಅದರಲ್ಲೂ ಕೆಲವು ಉಪಬಗೆ ಮಾತ್ರ. ಲಸಿಕೆಯ ಆಸೆ ಇನ್ನೂ ಸಾಯದಿರುವುದು ಇದಕ್ಕೇ. ಕೆಲಸ ಮಾಡಿದರೆ ಅದು ಎಷ್ಟೋ ಹಗುರದ ದಾರಿ.

ಚಿಕ್ಕ ಅಂಕಿಗಳು ಎಷ್ಟು ಆಟ ಆಡಿಸುತ್ತವೆ ಅನ್ನುವುದಕ್ಕೆ ಒಂದು ಮಾತು. ಎಸ್‌ಎಆರ್‌ಸಿ028 ಅನ್ನುವ ಟ್ರಯಲ್ ಲಸಿಕೆಯದಲ್ಲ, ಪೆಂಬ್ರೋಲಿಝುಮಾಬ್ ಅನ್ನುವ ಇಮ್ಯೂನ್ ಔಷಧಿಯದು. 2017ರಲ್ಲಿ ಬಂದ ಫಲಿತಾಂಶದಲ್ಲಿ ಯುಪಿಎಸ್ ಅನ್ನುವ ಸಾರ್ಕೋಮಾ ಬಗೆಯ 10 ರೋಗಿಗಳಲ್ಲಿ 4 ಜನ ಸ್ಪಂದಿಸಿದ್ದರು, ಅಂದರೆ 40%. ಎಲ್ಲರಿಗೂ ಖುಷಿ. ಅದೇ ಬಗೆಯವರನ್ನು 40 ಜನಕ್ಕೆ ಏರಿಸಿ ನೋಡಿದಾಗ 9 ಜನ, ಅಂದರೆ 23%. ಯಾರೂ ಸುಳ್ಳು ಹೇಳಿರಲಿಲ್ಲ, 10 ಜನರಲ್ಲಿ ಹಾಗೇ ಆಗುತ್ತದೆ. ಯೂವಿಂಗ್ ಸಾರ್ಕೋಮಾದ 13 ಜನರಲ್ಲಿ ಒಬ್ಬರೂ ಸ್ಪಂದಿಸಲಿಲ್ಲ. 70 ಬಗೆಗಳನ್ನೂ ಸಾರ್ಕೋಮಾ ಅಂತ ಒಂದೇ ಚೀಲಕ್ಕೆ ತುಂಬಿ ಲಸಿಕೆ ಪರೀಕ್ಷಿಸುವುದು ನನಗೆ ಸರಿ ಕಾಣುವುದಿಲ್ಲ. ಬದಲಿಗೆ ಗಡ್ಡೆಯೊಳಗೆ ಏನಿದೆ ಅಂತ ನೋಡಿ ವಿಂಗಡಿಸಬಹುದು. 2020ರಲ್ಲಿ ಫ್ರಾನ್ಸ್‌ನ ಸಂಶೋಧಕರು ಮುಂದಾಳಾಗಿ 608 ಗಡ್ಡೆಗಳನ್ನು ನೋಡಿ ಐದು ಗುಂಪು ಮಾಡಿದರು. ಬಿ ಕೋಶಗಳು (ಆಂಟಿಬಾಡಿ ಮಾಡುವ ಬಿಳಿ ರಕ್ತಕಣಗಳು) ಒಟ್ಟುಗೂಡಿ ಚಿಕ್ಕ ದುಗ್ಧಗ್ರಂಥಿಯಂಥ ರಚನೆ ಮಾಡಿಕೊಂಡ ಗಡ್ಡೆಗಳವರು ಹೆಚ್ಚು ಕಾಲ ಬದುಕಿದರು, ಪೆಂಬ್ರೋಲಿಝುಮಾಬ್‌ಗೂ ಚೆನ್ನಾಗಿ ಸ್ಪಂದಿಸಿದರು. ಮುಂದಿನ ಲಸಿಕೆ ಟ್ರಯಲ್‌ಗಳು ಇದನ್ನು ಮೊದಲೇ ಅಳೆದು ಜನರನ್ನು ಸೇರಿಸಿದರೆ ಎಷ್ಟೋ ಗೊಂದಲ ತಪ್ಪುತ್ತದೆ.

ನಾಯಿಗಳ ಸುದ್ದಿಯನ್ನೂ ಹೇಳಿಬಿಡುತ್ತೇನೆ, ಎಲ್ಲರೂ ಕೇಳುತ್ತಾರೆ. ದೊಡ್ಡ ತಳಿಯ ನಾಯಿಗಳಿಗೆ ಮೂಳೆಯ ಸಾರ್ಕೋಮಾ ಬಹಳ ಬರುತ್ತದೆ, ಮನುಷ್ಯರಿಗೆ ಬರುವುದಕ್ಕೆ ತೀರಾ ಹತ್ತಿರದ ರೋಗ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ನಿಕೋಲಾ ಮೇಸನ್ ತಂಡ ಲಿಸ್ಟೀರಿಯಾ ಬ್ಯಾಕ್ಟೀರಿಯಾವನ್ನು ಪಳಗಿಸಿ, ಎಚ್‌ಇಆರ್2 ಗುರುತು ಹೊರಿಸಿ, ಕಾಲು ತೆಗೆದು ಕೀಮೋ ಮುಗಿಸಿದ 18 ನಾಯಿಗಳಿಗೆ ಕೊಟ್ಟಿತು. ಅರ್ಧದಷ್ಟು ನಾಯಿಗಳು 956 ದಿನಕ್ಕೂ ಹೆಚ್ಚು ಬದುಕಿದವು, 2016ರ ವರದಿ. ಹಿಂದಿನ ನಾಯಿಗಳ ಲೆಕ್ಕಕ್ಕಿಂತ ಬಹಳ ಜಾಸ್ತಿ. ಸತ್ತ ಬ್ಯಾಕ್ಟೀರಿಯಾ ಬಿಟ್ಟು ಮತ್ತೆ ಜೀವಂತ ಬ್ಯಾಕ್ಟೀರಿಯಾಕ್ಕೆ ಬಂದಿದ್ದಾರೆ ನೋಡಿ, ಕೋಲಿ ಇದ್ದಿದ್ದರೆ ಖುಷಿಪಡುತ್ತಿದ್ದ. ಲಸಿಕೆಯ ಬ್ಯಾಕ್ಟೀರಿಯಾವೇ ಒಂದು ನಾಯಿಯ ಕೀವಿನಲ್ಲಿ ಸಿಕ್ಕಿದ ವರದಿಯೂ ಆಮೇಲೆ ಬಂತು. ಇದೇ ಲಸಿಕೆಯನ್ನು ಮನುಷ್ಯರಲ್ಲಿ, ಶ್ವಾಸಕೋಶಕ್ಕೆ ಹರಡಿದ ಮೂಳೆಯ ಸಾರ್ಕೋಮಾವನ್ನು ಆಪರೇಷನ್ ಮಾಡಿ ತೆಗೆದ ಸುಮಾರು 40 ಜನರಲ್ಲಿ ನೋಡಿದಾಗ, ಒಂದು ವರ್ಷದ ಹೊತ್ತಿಗೆ ರೋಗ ಮರುಕಳಿಸದೆ ಇದ್ದವರು ಮೂರರಲ್ಲಿ ಒಬ್ಬರು. ಹಿಂದಿನ ರೋಗಿಗಳ ಲೆಕ್ಕದಲ್ಲಿ ಐವರಲ್ಲಿ ಒಬ್ಬರು. ಆಸೆ ಹುಟ್ಟಿಸುವ ಅಂಕಿಯೇ. ಆದರೆ ಹೋಲಿಕೆ ಮತ್ತೆ ಹಳೆಯ ಕಾಲದ ಬೇರೆ ರೋಗಿಗಳ ಜೊತೆ. ಸ್ಕ್ಯಾನ್ ಬದಲಾಗಿದೆ, ಆಪರೇಷನ್ ಬದಲಾಗಿದೆ, ಟ್ರಯಲ್‌ಗೆ ಬರುವವರೂ ಬೇರೆ. ಎರಡು ಗುಂಪು ಮಾಡಿ ನೋಡುವವರೆಗೆ ನಾನು ಇದನ್ನು ಬಹುಶಃ ಅನ್ನುವ ಪೆಟ್ಟಿಗೆಯಲ್ಲೇ ಇಡುತ್ತೇನೆ.

ನನಗೆ ಈಗ ಹೆಚ್ಚು ಭರವಸೆ ಕಾಣುತ್ತಿರುವುದು ಸಾರ್ಕೋಮಾದಲ್ಲಲ್ಲ, ಅದೇ ಥರ ಬೆಸುಗೆ ಇರುವ ಫೈಬ್ರೋಲಮೆಲ್ಲಾರ್ ಅನ್ನುವ ಅಪರೂಪದ ಯಕೃತ್ತಿನ ಕ್ಯಾನ್ಸರ್‌ನಲ್ಲಿ. ಜಾನ್ಸ್ ಹಾಪ್‌ಕಿನ್ಸ್‌ನವರು ಬೆಸುಗೆಯ ಪೆಪ್ಟೈಡ್ ಲಸಿಕೆಯನ್ನು ಎರಡು ಇಮ್ಯೂನ್ ಔಷಧಿಗಳ ಜೊತೆ ಕೊಟ್ಟರು. 12 ಜನರಲ್ಲಿ 3 ಜನರ ಗಡ್ಡೆ ಕುಗ್ಗಿತು. ಚಿಕ್ಕ ಪೆಪ್ಟೈಡ್ ಬದಲು ಉದ್ದನೆಯದು ಬಳಸಿದ್ದರಿಂದ ಒಂದೇ ಎಚ್‌ಎಲ್‌ಎಗೆ ಜೋತುಬೀಳಬೇಕಾಗಿಲ್ಲ. 12ರಲ್ಲಿ 3 ಅಂದರೆ ನಿಜವಾದ ಪ್ರಮಾಣ 5% ಇರಬಹುದು, 57% ಕೂಡ ಇರಬಹುದು, ಲೆಕ್ಕ ಅಷ್ಟು ಅಗಲ. ಜೊತೆಗಿದ್ದ ಔಷಧಿಗಳ ಪಾಲೆಷ್ಟು ಅನ್ನುವ ಪ್ರಶ್ನೆಯೂ ಇದೆ. ಆದರೂ ಗಡ್ಡೆ ನಿಂತಿತು ಅನ್ನುವುದಲ್ಲ, ಕುಗ್ಗಿತು.

ಅಕ್ಕನ ಮಗನಿಗೆ ಇದೆಲ್ಲ ಹೇಳಿದಾಗ ಅವನು ಕೇಳಿದ್ದು ಒಂದೇ. "ಚಿಕ್ಕಮ್ಮ, ಹಾಗಾದ್ರೆ ಟ್ರಯಲ್ ಸೇರೋದೇ ಬೇಡ ಅಂತೀಯಾ?" ಹಾಗಲ್ಲ. ಎರಡು ಗುಂಪು ಇರುವ ಟ್ರಯಲ್‌ನಲ್ಲಿ ಲಸಿಕೆ ಸಿಗದ ಗುಂಪಿಗೆ ಬಿದ್ದರೂ ಏನೋ ಕಳೆದುಕೊಂಡೆ ಅಂತ ಅಂದುಕೊಳ್ಳಬೇಡ ಅಂದೆ. ಸಿಎಂಬಿ305ರಲ್ಲಿ ಎರಡೂ ಗುಂಪಿನವರು ಒಂದೇ ಥರ ಬದುಕಿದರು. ಲಸಿಕೆಗಾಗಿ ಕೀಮೋ ಅಥವಾ ಆಪರೇಷನ್ ಮುಂದೂಡಬೇಕಾ, ಬಯಾಪ್ಸಿ ಎಷ್ಟು ಸಲ, ಇದಕ್ಕೆ ಸೇರಿದರೆ ಮುಂದೆ ಕೋಶ ಚಿಕಿತ್ಸೆಯ ಬಾಗಿಲು ಮುಚ್ಚುತ್ತದಾ, ಈ ಮೂರನ್ನು ಟ್ರಯಲ್ ಡಾಕ್ಟರ ಹತ್ತಿರ ಬಿಡಿಸಿ ಕೇಳು ಅಂದೆ. ಕೊನೆಯದು ಮುಖ್ಯ. ಕೆಲವು ಟ್ರಯಲ್‌ಗಳು ಮುಂಚೆ ಬೇರೆ ಇಮ್ಯೂನ್ ಚಿಕಿತ್ಸೆ ಪಡೆದವರನ್ನು ಸೇರಿಸಿಕೊಳ್ಳುವುದಿಲ್ಲ.

ಇನ್ನೊಂದು, ಇದು ನಮಗೆ ತಡವಾಗಿ ಗೊತ್ತಾದದ್ದು. ಯೂವಿಂಗ್ ಸಾರ್ಕೋಮಾದಲ್ಲಿ ಪರೀಕ್ಷಿಸಿದ ವಿಜಿಲ್‌ನಂಥ ಲಸಿಕೆಗಳನ್ನು ರೋಗಿಯ ಸ್ವಂತ ಗಡ್ಡೆಯ ಜೀವಂತ ಕೋಶಗಳಿಂದಲೇ ಮಾಡುತ್ತಾರೆ. ಮಾಮೂಲಿ ಆಪರೇಷನ್‌ನಲ್ಲಿ ಗಡ್ಡೆ ನೇರವಾಗಿ ಫಾರ್ಮಾಲಿನ್ ಅನ್ನುವ ದ್ರಾವಣಕ್ಕೆ ಹೋಗುತ್ತದೆ, ಅಲ್ಲಿ ಕೋಶಗಳು ಸಾಯುತ್ತವೆ, ಆಮೇಲೆ ಮೇಣದ ತುಂಡಾಗಿ ಉಳಿಯುತ್ತದೆ. ಎನ್‌ವೈ-ಇಎಸ್‌ಒ-1 ಇದೆಯಾ, ಎಂಎಜಿಇ-ಎ4 ಇದೆಯಾ ಅಂತ ನೋಡಲು ಮೇಣದ ತುಂಡು ಸಾಕು, ಅಂಥ ಲಸಿಕೆ ಮಾಡಲು ಸಾಲದು. ತಾಜಾ ಗಡ್ಡೆ ತೆಗೆದಿಡಬೇಕಾದರೆ ಸರ್ಜನ್, ಲ್ಯಾಬ್, ಟ್ರಯಲ್‌ನವರು ಮೂವರೂ ಮುಂಚೆಯೇ ಮಾತಾಡಿಕೊಂಡಿರಬೇಕು. ಹಾಗಾಗಿ ಆಪರೇಷನ್ ದಿನ ಗೊತ್ತಾದ ಕೂಡಲೇ ಕೇಳಿ, ಆಪರೇಷನ್ ಮುಗಿದ ಮೇಲಲ್ಲ.